ಸಾಲಿನಲ್ಲಿ ಸಿಕ್ಕವರು

ಇತಿಹಾಸ ಪಾಠ ಹೇಳಿ ನಿವೃತ್ತರಾದವರಿಗೆ ಒಂದು ಚಟ ಉಳಿದುಬಿಡುತ್ತದೆ. ಏನು ಕಣ್ಣಿಗೆ ಬಿದ್ದರೂ ಇದು ಯಾವಾಗ ಶುರುವಾಯಿತು, ಯಾಕೆ ಶುರುವಾಯಿತು ಎಂದು ಕೆದಕದೆ ಸಮಾಧಾನವಿಲ್ಲ. ಮನೆಯಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ನೋಡಿಕೊಳ್ಳುವ ನಾವು ಕೆಲವರು ತಿಂಗಳಿಗೊಮ್ಮೆ ಬೆಂಗಳೂರಿನಲ್ಲಿ ಸೇರುತ್ತೇವೆ. ನಾನು ತುಮಕೂರಿನಿಂದ ಬಸ್ಸು ಹತ್ತಿ ಬರುತ್ತೇನೆ. ನಾನು ನೋಡಿಕೊಳ್ಳುವುದು ನನ್ನ ತಮ್ಮನನ್ನು. ಈಚೆಗೆ ಹೊಸದಾಗಿ ಬಂದ ಹುಡುಗನೊಬ್ಬ, ಅವನ ತಾಯಿಗೆ ಕಾಯಿಲೆ, "ಆಂಟಿ, ಈ ಸಪೋರ್ಟ್ ಗ್ರೂಪ್ ಅನ್ನೋದೆಲ್ಲ ಅಮೆರಿಕದವರದ್ದಲ್ವಾ?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಮದ್ದೂರು ಕಡೆಯ ಗೌಡರು, "ಅಮೆರಿಕನೋ ಗಿಮೆರಿಕನೋ, ನಾವೆಲ್ಲ ಸಿಕ್ಕಿದ್ದು ರಕ್ತ ಕೊಡೋ ಸಾಲಲ್ಲಿ ಕಣಪ್ಪ" ಎಂದು ಮಾತು ಮುಗಿಸಿಬಿಟ್ಟರು.

ಹುಡುಗನ ಮಾತು ಪೂರ್ತಿ ಸುಳ್ಳಲ್ಲ. ಆದರೆ ಓದಿ ನೋಡಿದಷ್ಟಕ್ಕೆ ಗೌಡರ ಕಡೆಗೇ ತಕ್ಕಡಿ ವಾಲುತ್ತದೆ. ನಮ್ಮ ದೇಶದಲ್ಲಿ ಮನೋರೋಗಿಗಳ ಮನೆಯವರು ಒಬ್ಬರಿಗೊಬ್ಬರು ಸಿಕ್ಕಿದ್ದು ಆಸ್ಪತ್ರೆಗಳ ಬಡತನದಿಂದ. ಹಾಸಿಗೆ ಸಾಲದು, ದಾದಿಯರು ಸಾಲರು, ಆದ್ದರಿಂದ ಮನೆಯವರನ್ನೇ ಒಳಗೆ ಬಿಟ್ಟುಕೊಂಡರು. ಬಿಟ್ಟುಕೊಂಡ ಮೇಲೆ ಅವರು ಪಕ್ಕದವರೊಡನೆ ಮಾತಾಡದೆ ಇರುತ್ತಾರೆಯೇ?

ಅದಕ್ಕೆ ಮುಂಚೆ ಮನೆಯವರಿಗೆ ಇದ್ದ ಕೆಲಸ ಒಂದೇ, ಅರ್ಜಿ ಹಾಕುವುದು. 1912ರ ಇಂಡಿಯನ್ ಲೂನಸಿ ಆ್ಯಕ್ಟ್‌ನ ಪ್ರಕಾರ ಗಂಡನೋ ಹೆಂಡತಿಯೋ ಹತ್ತಿರದ ನೆಂಟರೋ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಇಡಬೇಕು, ಜೊತೆಗೆ ಇಬ್ಬರು ವೈದ್ಯರ ಸರ್ಟಿಫಿಕೇಟು. ಆದೇಶವಾಯಿತೆಂದರೆ ರೋಗಿ ಗೋಡೆಯ ಆ ಕಡೆ, ಮನೆಯವರು ಈ ಕಡೆ. ಬೆಂಗಳೂರಿನ ಹುಚ್ಚಾಸ್ಪತ್ರೆ ಇದಕ್ಕೂ ಹಳೆಯದು. 1840ರ ದಶಕದ ಕೊನೆಯಲ್ಲಿ ಮೈಸೂರು ಕಮಿಷನ್ನಿನ ಸರ್ಜನ್ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಅದನ್ನು ನೋಡಿಕೊಳ್ಳುತ್ತಿದ್ದ. 1925ರಲ್ಲಿ ಅದು ಮೆಂಟಲ್ ಹಾಸ್ಪಿಟಲ್ ಎಂದು ಹೆಸರು ಬದಲಿಸಿಕೊಂಡಿತು. 1930ರ ದಶಕದಲ್ಲಿ ಲಕ್ಕಸಂದ್ರದ ಈಗಿನ ಜಾಗಕ್ಕೆ ಬಂತು. 1954ರಲ್ಲಿ ಅಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಗಿ, 1974ರ ಡಿಸೆಂಬರಿನಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಹೆಸರು ಎಷ್ಟು ಸಲ ಬದಲಾದರೂ ನಮ್ಮೂರಿನವರ ಬಾಯಲ್ಲಿ ಅದು ಬಹಳ ಕಾಲ ಹುಚ್ಚಾಸ್ಪತ್ರೆಯೇ. ನನ್ನ ಅಪ್ಪ ತಮ್ಮನನ್ನು ಮೊದಲ ಸಲ ಕರೆದುಕೊಂಡು ಹೋದಾಗ ಅಕ್ಕಪಕ್ಕದವರಿಗೆ ಹೇಳಿದ್ದು "ಕಿದ್ವಾಯಿಗೆ" ಎಂದು. ಪಕ್ಕದ ಕ್ಯಾನ್ಸರ್ ಆಸ್ಪತ್ರೆಯ ಹೆಸರು ಹೇಳುವುದು ಅವರಿಗೆ ಹೆಚ್ಚು ಮರ್ಯಾದೆಯದಾಗಿ ಕಂಡಿತ್ತು.

ಗೋಡೆಯ ಈ ಕಡೆಯವರು ಆ ಕಡೆಗೆ ಹೋದ ಕಥೆ ಅಮೃತಸರದ್ದು. ದೇಶ ಒಡೆದಾಗ ಪಂಜಾಬಿನ ದೊಡ್ಡ ಮಾನಸಿಕ ಆಸ್ಪತ್ರೆ ಲಾಹೋರಿನಲ್ಲಿ ಉಳಿದುಹೋಯಿತು. ಆಸ್ತಿಪಾಸ್ತಿ, ಕಡತ, ಪೊಲೀಸರು ಎಲ್ಲ ಹಂಚಿಕೆಯಾದ ಮೇಲೆ ರೋಗಿಗಳ ಹಂಚಿಕೆಯೂ ನಡೆಯಿತು. 1950ರಲ್ಲಿ ಸುಮಾರು 450 ಹಿಂದೂ, ಸಿಖ್ ರೋಗಿಗಳನ್ನು ಲಾಹೋರಿನಿಂದ ಗಡಿ ದಾಟಿಸಿ ಅಮೃತಸರಕ್ಕೆ ತಂದರು. ಸಾದತ್ ಹಸನ್ ಮಂಟೋ 'ಟೋಬಾ ಟೇಕ್ ಸಿಂಗ್' ಕಥೆ ಬರೆದದ್ದು ಈ ಹಂಚಿಕೆಯ ಮೇಲೆಯೇ. ಪಾಠ ಹೇಳುವಾಗ ನಾನು ಆ ಕಥೆಯವರೆಗೆ ಬಂದು ನಿಲ್ಲುತ್ತಿದ್ದೆ, ಎಲ್ಲರೂ ಅಲ್ಲೇ ನಿಲ್ಲುತ್ತಾರೆ. ಅದರ ಮುಂದಿನದು ನಮ್ಮಂಥವರಿಗೆ ಬೇಕಾದ ಭಾಗ.

ಅಮೃತಸರದ ಆ ಆಸ್ಪತ್ರೆಗೆ ಸೂಪರಿಂಟೆಂಡೆಂಟ್ ಆಗಿದ್ದವರು ಡಾ. ವಿದ್ಯಾಸಾಗರ್. ರೋಗಿಗಳು ಕಿಕ್ಕಿರಿದಿದ್ದರು, ಸಿಬ್ಬಂದಿ ಕೈಬೆರಳೆಣಿಕೆಯಷ್ಟು. 1950ರ ದಶಕದಲ್ಲಿ ಅವರು ಸೇನೆಯಿಂದ ಡೇರೆಗಳನ್ನು ಎರವಲು ತಂದು ಆಸ್ಪತ್ರೆಯ ಆವರಣದಲ್ಲಿ ಹೊಡೆಸಿದರು. ರೋಗಿಯ ಜೊತೆ ಮನೆಯವರೂ ಅಲ್ಲೇ ಇರಬೇಕು. ಅವನಿಗೆ ಉಣ್ಣಿಸುವುದು, ಸ್ನಾನ ಮಾಡಿಸುವುದು, ಓಡಿಹೋಗದಂತೆ ಕಾಯುವುದು ಎಲ್ಲ ಅವರದೇ. ಸಂಜೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕಾಯಿಲೆ ಏನು, ಏಕೆ ಹೀಗಾಡುತ್ತಾನೆ, ಮನೆಗೆ ಹೋದ ಮೇಲೆ ಏನು ಮಾಡಬೇಕು ಎಂದು ಡಾಕ್ಟರು ಮಾತಾಡುತ್ತಿದ್ದರು. ಪಂಜಾಬಿನ ಹಳ್ಳಿಯವರಿಗೆ ತಿಳಿಯುವ ಕಥೆಗಳನ್ನೂ ಹೇಳುತ್ತಿದ್ದರು. ಪಕ್ಕದ ಡೇರೆಯವನು ಹೋದ ತಿಂಗಳು ಕಲ್ಲು ತೂರುತ್ತಿದ್ದವನು, ಈಗ ಸೌದೆ ಒಡೆಯುತ್ತಿದ್ದಾನೆ ಎಂಬುದನ್ನು ಕಣ್ಣಾರೆ ಕಂಡ ತಾಯಿಗೆ ಯಾವ ಡಾಕ್ಟರೂ ಕೊಡಲಾಗದ ಧೈರ್ಯ ಸಿಗುತ್ತದೆ. ಇದು ನನ್ನ ಊಹೆಯ ಚಿತ್ರ, ಆದರೆ ಇಂಥ ಧೈರ್ಯ ಎಲ್ಲಿಂದ ಬರುತ್ತದೆಂದು ನನಗೆ ಗೊತ್ತು. ವಿದ್ಯಾಸಾಗರ್ ತಾವೇ ಬರೆದದ್ದು ಕಡಿಮೆ. ಅವರ ಕೆಲಸವನ್ನು ಕಂಡವರು, ಕೇಳಿದವರು ಬರೆದಿದ್ದರಿಂದ ಅದು ಉಳಿಯಿತು.

ಅದೇ ದಶಕದಲ್ಲಿ ವೆಲ್ಲೂರಿನ ಸಿಎಂಸಿಯಲ್ಲೂ ಇದೇ ಪದ್ಧತಿ ಬಂತು. ಕೆನಡಾದಿಂದ ಬಂದ ಡಾ. ಫ್ಲಾರೆನ್ಸ್ ನಿಕೋಲ್ಸ್ ಕಟ್ಟಿದ ಮಾನಸಿಕ ಆರೋಗ್ಯ ಕೇಂದ್ರ 1957ರಲ್ಲಿ ಬಾಗಾಯಂನಲ್ಲಿ ಶುರುವಾಯಿತು. ರೋಗಿಯ ಜೊತೆ ಮನೆಯವರೊಬ್ಬರು ಇರಲೇಬೇಕು ಎಂಬುದು ಅಲ್ಲಿ ನಿಯಮವೇ ಆಯಿತು. ಮುಂದೆ ಬೆಂಗಳೂರಿನಲ್ಲೂ ಫ್ಯಾಮಿಲಿ ವಾರ್ಡ್ ಬಂತು.

ಆ ವಾರ್ಡಿನಲ್ಲಿ ನಾನೂ ಇದ್ದೆ. ತಮ್ಮನ ಮಂಚದ ಪಕ್ಕ ಚಾಪೆ, ಚಾಪೆಯ ತಲೆದಿಸೆಗೆ ಫ್ಲಾಸ್ಕು, ಮಂಚದಡಿ ಪ್ಲಾಸ್ಟಿಕ್ ಬಕೆಟು. ನರ್ಸು ಬಾಗಿಲಲ್ಲಿ ನಿಂತು "ಪೇಶೆಂಟ್ ಕಡೆಯವರು ಯಾರು?" ಎಂದು ಕೂಗಿದರೆ ಅಷ್ಟೂ ಮಂಚಗಳ ಪಕ್ಕದಿಂದ ತಲೆ ಏಳುತ್ತಿತ್ತು. ನಮಗೆ ಅಲ್ಲಿ ಸ್ವಂತ ಹೆಸರಿರಲಿಲ್ಲ. ನಾನು 'ಹನ್ನೆರಡರ ಅಕ್ಕ'. ಎದುರಿನ ಮಂಚದ ಚಿತ್ರದುರ್ಗದ ಹೆಂಗಸು 'ಒಂಬತ್ತರ ಅಮ್ಮ'. ಮಗ ಊಟದಲ್ಲಿ ವಿಷ ಬೆರೆಸಿದ್ದಾರೆ ಅನ್ನುತ್ತಾನೆ, ಏನು ಮಾಡಲಿ ಎಂದು ಒಂಬತ್ತರ ಅಮ್ಮ ಅತ್ತಾಗ, ಕಿಟಕಿಯ ಬಳಿಯ ಅಜ್ಜಿ, "ಅವನ ತಟ್ಟೇಲೇ ಮೊದಲು ನೀನು ಎರಡು ತುತ್ತು ತಿನ್ನವ್ವ, ಆಮೇಲೆ ಅವನಿಗೆ ಕೊಡು, ವಾದ ಮಾಡಬ್ಯಾಡ" ಎಂದರು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಬೆಳಿಗ್ಗೆ ರೌಂಡ್ಸಿಗೆ ಬಂದ ಚಿಕ್ಕ ಡಾಕ್ಟರು ಇದನ್ನು ಕೇಳಿ ತಲೆದೂಗಿದ್ದು ನನಗೆ ನೆನಪಿದೆ.

ನಿಮ್ಹಾನ್ಸ್‌ನಲ್ಲಿ ನಡೆದ ಇನ್ನೊಂದು ಕೆಲಸ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಶೈಲಾ ಪೈ ಮತ್ತು ಆರ್.ಎಲ್. ಕಪೂರ್ ಎಂಬ ಇಬ್ಬರು 1981ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ರೋಗಿಯ ಬಗ್ಗೆಯಲ್ಲ, ರೋಗಿಯ ಮನೆಯ ಬಗ್ಗೆ. ಒಟ್ಟು 24 ಪ್ರಶ್ನೆ, ಆರು ಭಾಗ: ಹಣಕಾಸು, ಮನೆಯ ದಿನಚರಿ, ಬಿಡುವು, ಮನೆಮಂದಿಯ ನಡುವಿನ ಸಂಬಂಧ, ಉಳಿದವರ ಮೈ ಆರೋಗ್ಯ, ಅವರ ಮನಸ್ಸಿನ ಆರೋಗ್ಯ. ಪ್ರತಿಯೊಂದಕ್ಕೂ ಸೊನ್ನೆ, ಒಂದು, ಎರಡು ಎಂದು ಅಂಕ. ಸಾಲ ಮಾಡಿದ್ದೀರಾ, ಆಗಬೇಕಿದ್ದ ಯಾವ ಕೆಲಸ ದುಡ್ಡಿಲ್ಲದೆ ನಿಂತಿತು, ಇವರನ್ನು ನೋಡಿಕೊಳ್ಳುವುದರಲ್ಲಿ ಮನೆಯ ಉಳಿದವರ ಕಡೆ ಗಮನ ತಪ್ಪಿತೇ, ನೆರೆಹೊರೆಯವರು ಬರುವುದು ಕಡಿಮೆಯಾಯಿತೇ, ಇವರ ವಿಷಯಕ್ಕೆ ಮನೆಯಲ್ಲಿ ಜಗಳ ಹತ್ತುತ್ತದೆಯೇ, ಈ ಬಗೆಯವು. ಕೊನೆಗೆ ಮನೆಯವರನ್ನೇ ಕೇಳುವ ಒಂದು ಪ್ರಶ್ನೆ: ಒಟ್ಟಾರೆ ನಿಮಗೆ ಎಷ್ಟು ಕಷ್ಟವಾಗಿದೆ?

ಈ ಪಟ್ಟಿಯನ್ನು ನಾನು ನೋಡಿದ್ದು ಬಹಳ ತಡವಾಗಿ, ನಮ್ಮ ಸಭೆಗೆ ಬರುವ ಸಮಾಜಕಾರ್ಯದ ಹುಡುಗಿಯೊಬ್ಬಳು ತನ್ನ ಪ್ರಬಂಧಕ್ಕಾಗಿ ತಂದಿದ್ದಳು. ಓದುತ್ತಾ ಹೋದಂತೆ ನಮ್ಮ ಮನೆಯೊಳಗೆ ಯಾರೋ ಬಂದು ಕೂತು ಬರೆದಂತಿತ್ತು. ನನ್ನ ತಂಗಿಯ ಮದುವೆ ಎರಡು ಸಲ ಗೊತ್ತಾಗಿ ತಪ್ಪಿದ್ದಕ್ಕೆ ಯಾವ ಭಾಗದಲ್ಲಿ ಅಂಕ ಹಾಕಬೇಕು ಎಂದು ನಾನೂ ಆ ಹುಡುಗಿಯೂ ಸ್ವಲ್ಪ ಹೊತ್ತು ಚರ್ಚೆ ಮಾಡಿದೆವು. ಇಂದಿಗೂ ದೇಶದ ಎಷ್ಟೋ ಕಡೆ ಮನೆಯವರ ಹೊರೆಯನ್ನು ಅಳೆಯಲು ಇದೇ ಪ್ರಶ್ನಾವಳಿ ಬಳಕೆಯಲ್ಲಿದೆ.

ಪಶ್ಚಿಮದ ಕಥೆ ಬೇರೆ ದಾರಿಯದು. ಅಲ್ಲಿ ಮನೆಯವರು ಒಟ್ಟಾಗಿದ್ದು ಬಹುಪಾಲು ಸಿಟ್ಟಿನಿಂದ. 1948ರಲ್ಲಿ ಫ್ರೀಡಾ ಫ್ರಾಮ್-ರೈಖ್‌ಮನ್ ಎಂಬ ಮನೋವೈದ್ಯೆ, ಸ್ಕಿಜೋಫ್ರೇನಿಯಾಕ್ಕೆ ತಾಯಿ ಮಗುವನ್ನು ಬೆಳೆಸಿದ ರೀತಿಯೂ ಕಾರಣವೆಂಬ ಅರ್ಥದ ಮಾತು ಬರೆದರು. ಅದು ಎರಡು ದಶಕ ಅಮೆರಿಕದ ವೈದ್ಯರ ತಲೆಯಲ್ಲಿ ಕೂತುಬಿಟ್ಟಿತು. ಮಗನನ್ನು ಕರೆದುಕೊಂಡು ಬಂದ ತಾಯಿಯನ್ನು ಅಪರಾಧಿಯ ಹಾಗೆ ಹೊರಗೆ ಕೂರಿಸುವುದು. (ನಮ್ಮಲ್ಲಿ ಆ ಕೆಲಸ ಅತ್ತೆಯೋ ನಾದಿನಿಯೋ ಮಾಡುತ್ತಾರೆ, ಡಾಕ್ಟರೇ ಬೇಕೆಂದಿಲ್ಲ.) 1970ರ ಮೇ ತಿಂಗಳಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಒಬ್ಬ ತಂದೆ ಹೆಸರು ಹಾಕದೆ ಒಂದು ಲೇಖನ ಬರೆದ: ಮಗನಿಗೆ ಸ್ಕಿಜೋಫ್ರೇನಿಯಾ, ಆಸ್ಪತ್ರೆಯಿಂದ ಕಳಿಸಿದ ಮೇಲೆ ನೋಡಿಕೊಳ್ಳುವವರು ಯಾರೂ ಇಲ್ಲ. ಓದಿದ ಮನೆಗಳಿಂದ ಪತ್ರಗಳು ಬಂದು ಬಿದ್ದವು. ಬರೆದವರು ಜಾನ್ ಪ್ರಿಂಗಲ್. ಆ ಪತ್ರಗಳಿಂದಲೇ 1972ರಲ್ಲಿ ನ್ಯಾಷನಲ್ ಸ್ಕಿಜೋಫ್ರೇನಿಯಾ ಫೆಲೋಶಿಪ್ ಹುಟ್ಟಿತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿ ಹ್ಯಾರಿಯೆಟ್ ಶೆಟ್ಲರ್, ಬೆವರ್ಲಿ ಯಂಗ್ ಎಂಬ ಇಬ್ಬರು ತಾಯಂದಿರು ಊಟಕ್ಕೆ ಕೂತು ಆಡಿದ ಮಾತು ಬೆಳೆದು, 1979ರಲ್ಲಿ ಅದೇ ಊರಿನಲ್ಲಿ ದೇಶದ ಗುಂಪುಗಳೆಲ್ಲ ಸೇರಿ 'ನಾಮಿ' ಎಂಬ ಸಂಘವಾಯಿತು. ಹುಡುಗ ಹೇಳಿದ ಅಮೆರಿಕ ಇದು.

ಆದರೆ ಅಮೆರಿಕದಲ್ಲೂ ಇನ್ನೂ ಹಳೆಯ ಒಂದು ಬೇರಿದೆ, ಅದು ನಮ್ಮ ವಾರ್ಡಿಗೆ ಹತ್ತಿರದ್ದು. ಕುಡಿತ ಬಿಡುವವರ ಆಲ್ಕೊಹಾಲಿಕ್ಸ್ ಅನಾನಿಮಸ್ 1935ರಲ್ಲಿ ಶುರುವಾದಾಗ ಸಭೆಯಲ್ಲಿ ಕೂರುತ್ತಿದ್ದವರು ಗಂಡಂದಿರು. ಅವರನ್ನು ಕರೆತಂದ ಹೆಂಡಿರು ಹೊರಗೆ ಕಾರಿನಲ್ಲಿ, ಅಡುಗೆಮನೆಯಲ್ಲಿ ಕಾಯುತ್ತಿದ್ದರು. ಸಂಸ್ಥಾಪಕನ ಹೆಂಡತಿ ಲೋಯಿಸ್ ವಿಲ್ಸನ್ ಆ ಕಾಯುವವರನ್ನು ಒಳಗೆ ಕರೆದು ಮಾತಿಗೆ ಕೂರಿಸಿದಳು. 1951ರಲ್ಲಿ ಅದೇ ಅಲ್-ಅನಾನ್ ಆಯಿತು. ಚಿಕಿತ್ಸೆ ಒಬ್ಬರಿಗೆ, ಕಾಯುವುದು ಇನ್ನೊಬ್ಬರು. ಕಾಯುವವರು ಎಲ್ಲಿ ಒಟ್ಟಾಗಿ ಕೂರುತ್ತಾರೋ ಅಲ್ಲಿ ಗುಂಪು ಹುಟ್ಟುತ್ತದೆ. ಮನೆಯವರ ಗುಂಪಿನ ಇತಿಹಾಸ ಬರೆಯುವವರು ಆಸ್ಪತ್ರೆಯ ವರಾಂಡದಿಂದ ಶುರು ಮಾಡಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಗೌಡರ ಸಾಲಿಗೆ ಬರುತ್ತೇನೆ. ಕ್ಲೋಜಪೀನ್ ಎಂಬ ಮಾತ್ರೆ ಇದೆ. ಬೇರೆ ಯಾವ ಮಾತ್ರೆಗೂ ಬಗ್ಗದ ಕಾಯಿಲೆ ಇದಕ್ಕೆ ಬಗ್ಗುವುದುಂಟು. ಆದರೆ ಕೆಲವರಲ್ಲಿ ಅದು ರಕ್ತದ ಬಿಳಿ ಕಣಗಳನ್ನೇ ಅಳಿಸಿಬಿಡುತ್ತದೆ. 1975ರಲ್ಲಿ ಫಿನ್ಲೆಂಡಿನಲ್ಲಿ ಹೀಗೆ ಹಲವರು ಸತ್ತ ಮೇಲೆ ಮಾತ್ರೆಯನ್ನು ಬಹಳ ಕಡೆ ಮೂಲೆಗೆ ಹಾಕಿದ್ದರು. ರಕ್ತ ಪರೀಕ್ಷೆಯ ಕಟ್ಟುಪಾಡಿನೊಂದಿಗೆ ಅಮೆರಿಕ 1989ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು, ಆಮೇಲೆ ನಮ್ಮಲ್ಲಿಗೂ ಬಂತು. ಮೊದಲ 18 ವಾರ ವಾರಕ್ಕೊಮ್ಮೆ ರಕ್ತ ಕೊಡಬೇಕು, ನಂತರ ತಿಂಗಳಿಗೊಮ್ಮೆ. ಬಿಳಿ ಕಣ 3,500ಕ್ಕಿಂತ ಕೆಳಗಿಳಿದರೆ ಡಾಕ್ಟರ ಹುಬ್ಬು ಗಂಟಿಕ್ಕುತ್ತದೆ. ವಾರವಾರ ಅದೇ ದಿನ, ಅದೇ ಬೆಂಚು, ಅದೇ ಮುಖಗಳು. ಎರಡನೆಯ ವಾರಕ್ಕೆ ನಗು, ಮೂರನೆಯ ವಾರಕ್ಕೆ "ಏನಕ್ಕಾ, ಕೌಂಟ್ ಎಷ್ಟು ಬಂತು?" ಎಂಬ ಪ್ರಶ್ನೆ. ಗೌಡರು ಮಗಳನ್ನು ಕರೆತರುತ್ತಿದ್ದರು. ನಮ್ಮ ಮಾತುಕತೆಯಲ್ಲಿ ಹೊರಗಿನವರಿಗೆ ಏನೂ ಅರ್ಥವಾಗದು, ಎಲ್ಲ ಅಂಕಿಗಳೇ, "ಐದೂವರೆ", "ನಾಲ್ಕು ಎಂಟು", "ಹೋದ್ಸಲಕ್ಕಿಂತ ಇಳಿದದೆ". ಈ ಮಾತ್ರೆ ತಿಂದವರಿಗೆ ರಾತ್ರಿ ಜೊಲ್ಲು ಸುರಿದು ದಿಂಬು ತೋಯುತ್ತದೆ. ಹಳೆಯ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ದಿಂಬಿಗೆ ಸುತ್ತು ಎಂದು ನನಗೆ ಹೇಳಿಕೊಟ್ಟವರು ಗೌಡರು. ಮಲಬದ್ಧತೆಯನ್ನು ಹಗುರವಾಗಿ ನೋಡಬೇಡಿ, ಎರಡು ದಿನ ಆಗದಿದ್ದರೆ ಡಾಕ್ಟರಿಗೆ ಹೇಳಿ ಎಂದವರು ಹಾಸನದ ಒಬ್ಬರು; ಅವರ ಮಗ ಅದರಿಂದಲೇ ಆಸ್ಪತ್ರೆ ಸೇರಿದ್ದ. ನಮ್ಮ ತಿಂಗಳ ಸಭೆ ಕಟ್ಟಿಕೊಂಡದ್ದು ಈ ಬೆಂಚಿನ ಮೇಲೆ.

ರಿಜಿಸ್ಟರ್ ಆದ ಸಂಘಗಳು ನಮ್ಮಲ್ಲಿ 1990ರ ದಶಕದ್ದು. ಬೆಂಗಳೂರಿನಲ್ಲಿ ನಿರ್ಮಲಾ ಶ್ರೀನಿವಾಸನ್ ಮುಂತಾದವರು ಸೇರಿ 1992ರಲ್ಲಿ 'ಅಮೆಂಡ್' ಎಂಬ ಮನೆಯವರ ಸ್ವಸಹಾಯ ಸಂಘ ಕಟ್ಟಿದರು. ಅದೇ ವರ್ಷ ಕೇರಳದಲ್ಲಿ, ತಂದೆಯ ಮರೆವಿನ ಕಾಯಿಲೆಯನ್ನು ಕಂಡಿದ್ದ ಡಾ. ಕೆ. ಜೇಕಬ್ ರಾಯ್ ಡಿಮೆನ್ಷಿಯಾದವರ ಮನೆಗಳಿಗಾಗಿ ಎಆರ್‌ಡಿಎಸ್‌ಐ ಸ್ಥಾಪಿಸಿದರು. ಹೆಂಡತಿಯ ಸ್ಕಿಜೋಫ್ರೇನಿಯಾದ ಜೊತೆ ಕೆನಡಾದ ಕ್ಯಾಲ್ಗರಿಯಲ್ಲಿ ಬಾಳಿದ ಜಗನ್ನಾಥ ವಾಣಿ ಎಂಬ ಪ್ರಾಧ್ಯಾಪಕರು 1997ರಲ್ಲಿ ಪುಣೆಯಲ್ಲಿ ಸ್ಕಿಜೋಫ್ರೇನಿಯಾ ಅವೇರ್‌ನೆಸ್ ಅಸೋಸಿಯೇಷನ್ನಿಗೆ ಕಾರಣರಾದರು; 2004ರ 'ದೇವರಾಯಿ' ಎಂಬ ಮರಾಠಿ ಸಿನಿಮಾದ ಹಿಂದಿದ್ದವರೂ ಅವರೇ. ಆ ದಶಕದಲ್ಲೇ ಏಕೆ ಎಂದರೆ ನನ್ನ ಉತ್ತರ ಇಷ್ಟು. ಅಲ್ಲಿಯವರೆಗೆ ಹಟ್ಟಿಯಂಥ ಮನೆಯಲ್ಲಿ ಒಬ್ಬರಿಲ್ಲದಿದ್ದರೆ ಇನ್ನೊಬ್ಬರು ನೋಡುತ್ತಿದ್ದರು. ಮನೆಗಳು ಚಿಕ್ಕವಾದವು, ಒಬ್ಬ ಮಗ ಅಮೆರಿಕಕ್ಕೆ ಹೋದ, ಇನ್ನೊಬ್ಬನಿಗೆ ಕಾಯಿಲೆ, ನಡುವೆ ಅರವತ್ತು ದಾಟಿದ ಅಪ್ಪ ಅಮ್ಮ. "ನಮ್ಮ ನಂತರ ಯಾರು?" ಎಂಬ ಪ್ರಶ್ನೆ ಆಗ ಮೊಳಕೆಯೊಡೆಯಿತು. ಜೊಲ್ಲು, ಮಲಬದ್ಧತೆಗಳಿಗೆ ವರಾಂಡ ಸಾಕು. ಈ ಪ್ರಶ್ನೆಗೆ ಬೈಲಾ, ಖಜಾಂಚಿ, ವಕೀಲರು ಬೇಕು.

ಸಭೆಗೆ ಬರುವವರಲ್ಲಿ ಹೆಂಗಸರೇ ಹೆಚ್ಚು, ಅದನ್ನು ಬಿಡಿಸಿ ಹೇಳಬೇಕಿಲ್ಲ. ಗಂಡಸರು ಪಿಂಚಣಿ ಬಂದ ಮೇಲೆ ಬರುತ್ತಾರೆ, ಬಂದ ಮೊದಲ ತಿಂಗಳಲ್ಲೇ ಕಾರ್ಯದರ್ಶಿಯಾಗುತ್ತಾರೆ.

2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಎರ್ವಾಡಿಯಲ್ಲಿ, ದರ್ಗಾದ ಬಳಿಯ ಒಂದು ಖಾಸಗಿ ಮನೆಯಲ್ಲಿ ಬೆಂಕಿ ಬಿದ್ದು, ಸರಪಳಿ ಬಿಗಿದಿದ್ದ 28 ಮಂದಿ ರೋಗಿಗಳು ಸತ್ತರು. ಪತ್ರಿಕೆಗಳಲ್ಲಿ ಮನೆಯವರನ್ನು ಬೈದದ್ದೇ ಬೈದದ್ದು, ಇಂಥಲ್ಲಿ ಹೇಗೆ ಬಿಟ್ಟು ಹೋದರು ಎಂದು. ಬೈಗುಳ ಅನ್ಯಾಯದ್ದೆಂದು ನಾನು ಹೇಳಲಾರೆ. ಆದರೆ ಊರಿನ ಹತ್ತಿರ ಡಾಕ್ಟರಿಲ್ಲ, ಹಗಲು ಕೂಲಿಗೆ ಹೋಗದಿದ್ದರೆ ರಾತ್ರಿ ಒಲೆ ಹೊತ್ತುವುದಿಲ್ಲ, ಹೇಳಿಕೊಳ್ಳಲು ಇನ್ನೊಂದು ಮನೆ ಗೊತ್ತಿಲ್ಲ. ಅಂಥವರು ಸರಪಳಿಯವರೆಗೆ ಹೇಗೆ ಹೋಗುತ್ತಾರೆಂದು ಬೆಂಚಿನ ಮೇಲೆ ಕೂತವರಿಗೆ ಗೊತ್ತಿತ್ತು.

ಕಾನೂನು ಮನೆಯವರನ್ನು ಗುರುತಿಸಲು ಒಂದು ಶತಮಾನವೇ ಬೇಕಾಯಿತು. 1912ರದ್ದನ್ನು ತೆಗೆದು ಹಾಕಿದ ಮಾನಸಿಕ ಆರೋಗ್ಯ ಕಾಯ್ದೆ 1987ರಲ್ಲಿ ಪಾಸಾಗಿ 1993ರ ಏಪ್ರಿಲ್ 1ರಿಂದ ಜಾರಿಗೆ ಬಂತು. 1995ರ ಅಂಗವಿಕಲರ ಕಾಯ್ದೆ ಮನೋರೋಗವನ್ನೂ ಪಟ್ಟಿಗೆ ಸೇರಿಸಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ರೋಗಿಯ ಜೊತೆ ವಾಸಿಸುತ್ತಾ ನೋಡಿಕೊಳ್ಳುವವರಿಗೆ ವ್ಯಾಖ್ಯೆಯೇ ಇದೆ. ಕೇಂದ್ರ, ರಾಜ್ಯ ಪ್ರಾಧಿಕಾರಗಳಲ್ಲಿ ಅವರ ಪ್ರತಿನಿಧಿಗಳಿಗೆ ಸ್ಥಾನವೂ ಇದೆ. ಅರ್ಜಿದಾರರಾಗಿದ್ದವರು ಸದಸ್ಯರಾದರು ಅನ್ನಿ.

ಆದರೆ "ನಮ್ಮ ನಂತರ" ಎಂಬುದಕ್ಕೆ ಉತ್ತರ ಹಿಂದಕ್ಕೇ ಹೋಗಿದೆ. 1987ರ ಕಾಯ್ದೆಯಲ್ಲಿ ಜಿಲ್ಲಾ ನ್ಯಾಯಾಲಯ ರೋಗಿಗೆ ಪೋಷಕರನ್ನೂ ಆಸ್ತಿಗೆ ಮ್ಯಾನೇಜರನ್ನೂ ನೇಮಿಸಬಹುದಿತ್ತು. 2017ರದ್ದರಲ್ಲಿ ಅದಿಲ್ಲ, ಚಿಕಿತ್ಸೆಯ ಮಾತಿಗೆ ನಾಮನಿರ್ದೇಶಿತ ಪ್ರತಿನಿಧಿ ಇರುತ್ತಾರೆ, ಆಸ್ತಿಗಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪೋಷಕರನ್ನು ನೇಮಿಸುವ ಸುಲಭ ದಾರಿ ಇದೆ, ಆದರೆ ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಕಲತೆ ಇರುವವರಿಗೆ, ಮನೋರೋಗಕ್ಕಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಸೆಕ್ಷನ್ನಿನ ಸೀಮಿತ ಪೋಷಕತ್ವ ಒಂದಿದೆ. ರೋಗಿಯ ಸ್ವಾತಂತ್ರ್ಯವನ್ನು ಎತ್ತಿಹಿಡಿಯಲೆಂದು ಬಂದ ಬದಲಾವಣೆ ಇದು, ತತ್ವ ಸರಿಯೇ. ತಮ್ಮನ ಹೆಸರಿಗೆ ಅಪ್ಪ ಬರೆದಿಟ್ಟ ಸೈಟಿನ ಖಾತೆ ವಿಷಯಕ್ಕೆ ನಾನು ಕಚೇರಿಗೆ ಹೋದರೆ ಗುಮಾಸ್ತರು ತತ್ವ ಕೇಳುವುದಿಲ್ಲ, ಸಹಿ ಕೇಳುತ್ತಾರೆ.

ಈಗ ನಮ್ಮ ಗುಂಪಿನಲ್ಲಿ ಅಪ್ಪ ಅಮ್ಮಂದಿರ ತಲೆಮಾರು ಸರಿಯುತ್ತಿದೆ, ಅಕ್ಕ ತಮ್ಮಂದಿರು ಬರುತ್ತಿದ್ದಾರೆ. ನಾಲ್ಕು ಮನೆಯವರು ಸೇರಿ ಒಂದು ಬಾಡಿಗೆ ಮನೆ ಹಿಡಿದು, ಒಬ್ಬ ಅಡುಗೆಯವಳನ್ನೂ ರಾತ್ರಿ ಮಲಗುವ ಒಬ್ಬ ಮನುಷ್ಯನನ್ನೂ ಇಟ್ಟು, ನಮ್ಮವರನ್ನು ಅಲ್ಲಿ ವಾರಕ್ಕೆರಡು ದಿನ ಬಿಟ್ಟು ಅಭ್ಯಾಸ ಮಾಡಿಸೋಣ ಎಂದು ಹೊರಟಿದ್ದೇವೆ. ಬೆಂಗಳೂರಿನ ಬಾಡಿಗೆಗೆ ಹೆದರಿ ತುಮಕೂರಿನಲ್ಲಿ ಹುಡುಕುತ್ತಿದ್ದೇವೆ. ಮನೆ ಮಾಲೀಕರು "ಯಾರಿರ್ತಾರೆ?" ಎಂದು ಕೇಳಿದರೆ ಏನು ಹೇಳುವುದೆಂಬುದರಲ್ಲಿ ಎರಡು ಪಕ್ಷಗಳಾಗಿವೆ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂಬುದು ನನ್ನ ಪಕ್ಷ. ಬ್ಯಾಂಕಿನಿಂದ ನಿವೃತ್ತರಾದ ತಂದೆಯೊಬ್ಬರು ಅಡ್ವಾನ್ಸ್ ಕೊಟ್ಟು ಕರಾರುಪತ್ರ ಆದಮೇಲೆ ಹೇಳೋಣ ಎನ್ನುತ್ತಾರೆ. ಹೋದ ತಿಂಗಳು ಕೈ ಎತ್ತಿಸಿದಾಗ ಅವರ ಕಡೆಗೇ ಹೆಚ್ಚು ಕೈಗಳಿದ್ದವು. ಮುಂದಿನ ಸಭೆಯಲ್ಲಿ ಇನ್ನೊಮ್ಮೆ ಎತ್ತಿಸಬೇಕೆಂದು ನಾನು ಬರೆದು ಕೊಟ್ಟಿದ್ದೇನೆ.